ಐದನೆಯವನಿಗೆ ಜಾಗವಿಲ್ಲ

“ಎರಡೂ ಒಂದೇ ತಲೆಯಿಂದ ಬಂದಾವ,” ಎಂದಳು ವಿದ್ಯಾವತಿ.

ಶಹಾಬಜಾರದ ಗಲ್ಲಿಯ ಮಾಳಿಗೆ ಮೇಲಿನ ಅವಳ ಆಫೀಸಿನಲ್ಲಿ, ಮೇಜಿನ ಮೇಲೆ ಎರಡು ಹಾಳೆಗಳು ಅಕ್ಕಪಕ್ಕ ಮಲಗಿದ್ದವು. ಒಂದು ದಿಲ್ಲಿಯದು, ಇಂಗ್ಲಿಷಿನಲ್ಲಿತ್ತು. ಪ್ರಧಾನಿಯವರ ಕಣ್ಣಿಗೆ ಮಾತ್ರ ಎಂದು ತಲೆಯ ಮೇಲೆಯೇ ಬರೆದಿತ್ತು. ಇನ್ನೊಂದು ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಸಂಘದ್ದು, ಕನ್ನಡದಲ್ಲಿತ್ತು. ಅದು ಎಲ್ಲರ ಕಣ್ಣಿಗೂ ಬೀಳಲೆಂದು ಸಂಘದ ಗೋಡೆಗೆ ಅಂಟಿಸಿದ್ದ ಹಾಳೆ. ದೌಲಪ್ಪ ಬೆಳಗ್ಗೆ ಸುಣ್ಣದ ಸಮೇತ ಕಿತ್ತುಕೊಂಡು ಬಂದಿದ್ದ.

ಬೇಳೆ ಗಿರಣಿಯ ಮೆಕ್ಯಾನಿಕ್ ನದೀಮ್, ಮರುಂಬಾ ದೇಶದ ಬಂದರಿನಲ್ಲಿ ಯಂತ್ರ ಕೂಡಿಸಲು ಹೋದವನು, ಬೇಹುಗಾರನೆಂಬ ಆರೋಪದ ಮೇಲೆ ಅಲ್ಲಿನ ಜೈಲು ಸೇರಿ ಏಳು ತಿಂಗಳಾಗಿತ್ತು. ದಿಲ್ಲಿಯ ಈ ಗುಟ್ಟಿನ ಹಾಳೆ ಕಳೆದ ವಾರ ಹೆಸರಿಲ್ಲದ ಲಕೋಟೆಯಲ್ಲಿ ಅವನ ಹೆಂಡತಿ ಆಸ್ಫಿಯಾಳ ಬಾಗಿಲಿಗೆ ಬಂದಿತ್ತು.

ಆಸ್ಫಿಯಾ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹೈಸ್ಕೂಲಿನ ಗಣಿತದ ಟೀಚರು. ಗಂಡನ ಧ್ವನಿ ಕೇಳಿ ಐದು ತಿಂಗಳಾಗಿತ್ತು. ಆ ಲೆಕ್ಕವನ್ನು ಅವಳು ದಿನಗಳಲ್ಲಿ ಇಟ್ಟಿದ್ದಳು.

“ಲಕೋಟೆ ಮ್ಯಾಗ ಕಮಲಾಪುರ ಪೋಸ್ಟಿನ ಮುದ್ರೆ ಅದ,” ವಿದ್ಯಾವತಿ ಬೆರಳಿಟ್ಟಳು. “ಮೂಲಿಯಾಗ ಈ ಕಂದು ಕಲೆ ನೋಡು. ಬಾಳಿ ಕಂಬ ಕಡದ ಕೈಲೆ ಮುಟ್ಟಿದ್ರ ಹಿಂಗ ಆಗ್ತದ. ಸೋಪ್ ಹಾಕಿ ತಿಕ್ಕಿದ್ರೂ ಹೋಗಂಗಿಲ್ಲ. ಕಮಲಾಪುರದಾಗ ಬಾಳಿ ತ್ವಾಟನೂ ಇರಬೇಕು, ದಿಲ್ಲಿ ಕಾಗದನೂ ಇರಬೇಕು. ಅಂಥಾ ಮನಿ ಎಷ್ಟ ಇರ್ತಾವ?”

“ಒಂದ,” ಎಂದ ದೌಲಪ್ಪ. “ವಿವೇಕಾನಂದ ಸಾಹೇಬರ್ದು. ರಾಷ್ಟ್ರೀಯ ಭದ್ರತಾ ಸಲಹೆಗಾರರ ಕಚೇರಿಯಾಗ ಇಪ್ಪತ್ತು ವರ್ಷ ಇದ್ದು ಬಂದಾರ. ವಿವೇಕ ದಿಲ್ಲಿಯಾಗ ಬಿಟ್ಟು, ಆನಂದ ಅಷ್ಟ ತಗೊಂಡು ಬಂದಾರ.”

ದೌಲಪ್ಪ ತಹಶೀಲ್ದಾರ್ ಕಚೇರಿಯ ಟಪಾಲು ವಿಭಾಗದಿಂದ ನಿವೃತ್ತನಾದವನು. ಮೂವತ್ತೈದು ವರ್ಷ ಸಾಹೇಬರುಗಳ ಬೈಗುಳ ಕೇಳಿ ಕೇಳಿ, ಅವರೆಲ್ಲರ ಧ್ವನಿಯನ್ನೂ ಪಿಂಚಣಿಯ ಜೊತೆಗೆ ಮನೆಗೆ ತಂದಿದ್ದ. ಗುಪ್ತವಾರ್ತೆ ಇಲಾಖೆಯ ನೌಕರಿ ಬಿಟ್ಟು ವಿದ್ಯಾವತಿ ಈ ಪತ್ತೇದಾರಿ ಆಫೀಸು ತೆರೆದಾಗ, ಕರೆಯದೆಯೇ ಬಂದು ಕೂತವನು ಇನ್ನೂ ಎದ್ದಿರಲಿಲ್ಲ.

“ಸಂಘದ ಹಾಳಿ ಓದ್ರಿ ಕಾಕಾ.”

ದೌಲಪ್ಪ ಗಂಟಲು ಸರಿಮಾಡಿಕೊಂಡ. ಮೈ ಹಿಂದಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ತುಪ್ಪದಲ್ಲಿ ಅದ್ದಿದಂಥ ವಿವೇಕಾನಂದ ಸಾಹೇಬರ ಧ್ವನಿ ತೆಗೆದ. “ವಿಷಯ: ಹಣ್ಣು ಮಾಗಿಸುವ ಕೋಣೆಯನ್ನು ಎಲ್ಲಿ ಕಟ್ಟಬೇಕು. ಆಯ್ಕೆ ಒಂದು: ಕಟ್ಟುವುದೇ ಬೇಡ. ಪರಿಣಾಮ, ಬೆಳೆ ಕೊಳೆಯುತ್ತದೆ. ಆಯ್ಕೆ ಎರಡು: ಊರ ಪೂರ್ವಕ್ಕೆ, ಡಾಂಬರು ರಸ್ತೆಯ ಪಕ್ಕದ ಜಾಗ. ಆಯ್ಕೆ ಮೂರು: ಕೆರೆ ದಂಡೆಯ ತಕರಾರಿನ ಜಾಗ. ಪರಿಣಾಮ, ಕೋರ್ಟು, ಪೊಲೀಸರು, ರಕ್ತಪಾತ. ನಿರ್ಧಾರ ಸದಸ್ಯರಿಗೆ ಬಿಟ್ಟದ್ದು.”

“ಪೂರ್ವಕ್ಕ ಡಾಂಬರ ರಸ್ತಾದ ಬಾಜು ಯಾರ ತ್ವಾಟ ಅದ?”

“ಹೇಳಬೇಕೇನ್ ತಂಗಿ? ಹಾಳಿ ಬರದುಕೊಟ್ಟ ಸಾಹೇಬರ್ದ. ಸಂಘದ ಸೆಕ್ರೆಟರಿ ಶಿವಲಿಂಗ ನಕ್ಕೋತ ಹೇಳಿದ. ಎಪ್ಪತ್ತು ಮಂದಿ ಕೈ ಎತ್ತಿ ಎರಡನೇದಕ್ಕ ಹೂಂ ಅಂದ್ರಂತ. ಸಾಹೇಬರು ಮಾತ್ರ ಕೈ ಎತ್ತಲಿಲ್ಲಂತ. ‘ನನ್ನದೇನೂ ಇಲ್ಲಪ್ಪಾ, ನಿಮ್ಮ ತೀರ್ಮಾನ’ ಅಂದು ಮಜ್ಜಿಗಿ ಕುಡದ್ರಂತ.”

ವಿದ್ಯಾವತಿ ದಿಲ್ಲಿಯ ಹಾಳೆಯನ್ನು ಎತ್ತಿದಳು. ಅದೂ ಒಂದೇ ಪುಟ. ಅದರಲ್ಲೂ ಮೂರು ಆಯ್ಕೆ. ಮರುಂಬಾ ತನ್ನ ಬಂದರಿನಲ್ಲಿ ನಮ್ಮ ಹಡಗುಗಳಿಗೆ ಜಾಗ ಕೊಡುವ, ನಾವು ಅದರ ತೊಗರಿ ಕೊಳ್ಳುವ ಒಪ್ಪಂದ. ಅಲ್ಲಿ ಐವರು ಭಾರತೀಯರು ಜೈಲಿನಲ್ಲಿದ್ದಾರೆ. ಏನು ಮಾಡಬೇಕು?

ಒಂದು, ಒಪ್ಪಂದ ಕೈಬಿಡುವುದು. ಬಂದರು ಶತ್ರುಗಳ ಪಾಲಾಗುತ್ತದೆ. ಎರಡು, ಒಪ್ಪಂದಕ್ಕೆ ಸಹಿ ಹಾಕಿ ನಾಲ್ವರನ್ನು ಬಿಡಿಸಿಕೊಳ್ಳುವುದು. ಐದನೆಯವನಾದ ಮೆಕ್ಯಾನಿಕ್‌ನನ್ನು ಆ ದೇಶದ ಕಾನೂನಿಗೆ ಬಿಡುವುದು. ಮೂರು, ಯುದ್ಧನೌಕೆ ಕಳಿಸುವುದು.

“ಒಂದು ಹುಚ್ಚುತನ, ಇನ್ನೊಂದು ಹೆದರಿಕಿ. ನಡುವಿಂದು ತನಗ ಬೇಕಾದ್ದು,” ಎಂದಳು ವಿದ್ಯಾವತಿ. ಅವಳ ನಾಲಗೆಯ ಮೇಲೆ ಹಳಸಿದ ಬೇಳೆಯ ರುಚಿ ಬಂದಂತಾಯಿತು. “ಕಮಲಾಪುರಕ್ಕೂ ಅದ ಅಡಿಗಿ, ದಿಲ್ಲಿಗೂ ಅದ ಅಡಿಗಿ.”

ಹಾಳೆಯ ಕೊನೆಯ ಸಾಲನ್ನು ಆಸ್ಫಿಯಾ ಬಾಯಿಪಾಠ ಮಾಡಿದ್ದಳು. ನಾಲ್ವರ ಪಟ್ಟಿ ಗುರುವಾರ ಸಂಜೆ ಐದಕ್ಕೆ ಅಂತಿಮ, ಶುಕ್ರವಾರ ಸಹಿ.

“ಇವತ್ತ ಗುರುವಾರ ಅಕ್ಕಾ,” ಎಂದಳು. “ಹನ್ನೊಂದೂವರಿ ಆಗ್ಯದ. ನಾನೂ ಬರ್ತೀನಿ.”

“ಶಾಲಿ?”

“ರಜಾ ಚೀಟಿ ಬರದಿಟ್ಟು ಬಂದೀನಿ. ಕಾರಣ ಬರೀರಿ ಅಂದ್ರು ಹೆಡ್‌ಮಾಸ್ಟರು. ವಿದೇಶಾಂಗ ವ್ಯವಹಾರ ಅಂತ ಬರದೀನಿ.”

*

ದೌಲಪ್ಪನ ಹಳೆಯ ವ್ಯಾನು ಹುಮನಾಬಾದ್ ರಸ್ತೆ ಹಿಡಿಯಿತು. ಎರಡೂ ಬದಿಗೆ ತೊಗರಿ ಹಳದಿ ಹೂವಿಗೆ ಬಂದಿತ್ತು. ಮಹಾಗಾಂವ ಕ್ರಾಸಿನಲ್ಲಿ ಟೆಂಪೋ ಒಂದು ಅಡ್ಡ ನಿಂತು ಜನರನ್ನು ತುಂಬಿಕೊಳ್ಳುತ್ತಿತ್ತು. ದೌಲಪ್ಪ ಕಿಟಕಿಯಿಂದ ತಲೆ ಹಾಕಿ, ಥೇಟ್ ಆರ್‌ಟಿಓ ಸಾಹೇಬನ ಧ್ವನಿಯಲ್ಲಿ, “ಪರ್ಮಿಟ್ ತೋರ್ಸಲೇ!” ಎಂದ. ಟೆಂಪೋ ಹತ್ತುವವರನ್ನು ಅಲ್ಲಿಯೇ ಬಿಟ್ಟು ಓಡಿತು.

ಆಸ್ಫಿಯಾ ನಗಲಿಲ್ಲ. “ಕಾಕಾ, ಒಂದ ಮಾತು ಕೇಳ್ತೀನಿ. ಇಷ್ಟ ದೊಡ್ಡ ಸರ್ಕಾರದಾಗ ಮಂತ್ರಿ ಇರ್ತಾರ, ರಾಯಭಾರಿ ಇರ್ತಾರ. ಅವರ್ಯಾರೂ ನಮ್ಮವ್ರ ಹೆಸರ ಹೇಳಲಿಲ್ಲೇನು?”

“ಹೇಳಿರ್ತಾರವ್ವಾ. ಟಪಾಲು ವಿಭಾಗದಾಗ ನಾ ಕಲ್ತದ್ದು ಒಂದ. ಕಾಗದ ಬರದವ ದೊಡ್ಡವಲ್ಲ, ಸಹಿ ಮಾಡಿದವನೂ ದೊಡ್ಡವಲ್ಲ. ಯಾವ ಕಾಗದ ಸಾಹೇಬರ ಮುಂದ ಇಡಬೇಕು, ಯಾವುದು ಇಡಬಾರದು ಅಂತ ಬಾಗಲದಾಗ ನಿಂತು ಆರಸ್ತಾನಲ್ಲ, ಅವ ದೊಡ್ಡವ.”

*

ತೋಟದಲ್ಲಿ ಬೆತ್ತದ ಕುರ್ಚಿಗಳಿದ್ದವು. ಕೆಂಪು ಬಾಳೆಗೊನೆಗಳಿಗೆ ಗೋಣಿಚೀಲ ಸುತ್ತಿದ್ದರು. ತಲೆಗೆ ಮುಸುಕು ಹಾಕಿ ಸಾಲಾಗಿ ನಿಲ್ಲಿಸಿದ ಕೈದಿಗಳ ಹಾಗೆ ಕಾಣುತ್ತಿದ್ದವು. ಅಥವಾ ಆ ದಿನ ವಿದ್ಯಾವತಿಗೆ ಹಾಗೆ ಕಂಡಿತು.

ವಿವೇಕಾನಂದ ಸಾಹೇಬರು ಅರವತ್ತೆಂಟರ ನುಣುಪಾದ ಮನುಷ್ಯ. ಬಿಳಿ ಕುರ್ತಾ, ಬಿಳಿ ಮೀಸೆ. ಕೈ ಜೋಡಿಸಿ ನಮಸ್ಕರಿಸಿದರು. ಆಮೇಲೆ ಕಿಸೆಯಿಂದ ಸಣ್ಣ ಸೀಸೆ ತೆಗೆದು, ಯಾರನ್ನೂ ಮುಟ್ಟದ ಆ ಕೈಗಳಿಗೆ ಔಷಧದ ನೀರು ಹಚ್ಚಿಕೊಂಡು ತಿಕ್ಕಿದರು.

ಅವರ ಹೆಂಡತಿ ಶಂಕ್ರಮ್ಮ ಚಹಾ ತಂದಿಟ್ಟರು. ಕಪ್ಪು ಇಡುವಾಗ ಆಸ್ಫಿಯಾಳ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿ, ಒಳಗೆ ಹೋದರು. ಅವರ ಬಲಗೈಯ ಎರಡು ಬೆರಳ ತುದಿಗಳು ಕಂದಾಗಿದ್ದವು. ವಿದ್ಯಾವತಿ ಅದನ್ನು ನೋಡಿ, ಲಕೋಟೆಯ ಕಲೆಯನ್ನು ನೆನಪಿಸಿಕೊಂಡಳು.

“ನಾನು ನಿವೃತ್ತ ಮನುಷ್ಯ. ದಿಲ್ಲಿ ಬಿಟ್ಟು ಮೂರು ವರ್ಷವಾಯಿತು,” ಎಂದರು ಸಾಹೇಬರು.

“ನಿವೃತ್ತಿ ಆದ್ರೂ ಪ್ರವೃತ್ತಿ ಬಿಟ್ಟಿಲ್ಲಲ್ರಿ ಸಾಹೇಬರ,” ಎಂದ ದೌಲಪ್ಪ.

ವಿದ್ಯಾವತಿ ಎರಡೂ ಹಾಳೆಗಳನ್ನು ಬೆತ್ತದ ಮೇಜಿನ ಮೇಲೆ ಇಟ್ಟಳು. ಸಾಹೇಬರು ಗಾಬರಿಯಾಗುತ್ತಾರೆ, ಸಿಟ್ಟಾಗುತ್ತಾರೆ, ಇದು ನನ್ನದಲ್ಲ ಎನ್ನುತ್ತಾರೆ ಎಂದು ದಾರಿಯುದ್ದಕ್ಕೂ ಎಣಿಸಿದ್ದಳು. ಅವರು ಸಂಘದ ಹಾಳೆಯನ್ನು ಎತ್ತಿಕೊಂಡು, ಅಂಟಿದ್ದ ಸುಣ್ಣವನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಮುಗುಳ್ನಕ್ಕರು.

“ನಿಮ್ಮ ಕಣ್ಣು ಚೆನ್ನಾಗಿದೆ. ದಿಲ್ಲಿಯಲ್ಲಿ ಇದನ್ನು ಹಿಡಿದವರು ಇಪ್ಪತ್ತು ವರ್ಷದಲ್ಲಿ ಇಬ್ಬರೇ. ಇಬ್ಬರೂ ಬೇಗ ವರ್ಗವಾದರು.”

“ಅಂದ್ರ ಒಪ್ಕೊಳ್ತೀರಿ?”

“ಏನನ್ನು? ಭದ್ರತಾ ಸಲಹೆಗಾರರು ನನ್ನ ಹಳೆಯ ಸ್ನೇಹಿತರು. ಕೇಳುತ್ತಾರೆ, ಬರೆದುಕೊಡುತ್ತೇನೆ. ವಿದೇಶಾಂಗ ಖಾತೆಯವರು ಹದಿನೆಂಟು ಪುಟ ಕಳಿಸಿದ್ದರು. ನೌಕಾಪಡೆಯದು ಒಂಬತ್ತು. ಕೃಷಿ ಖಾತೆಯದು ತೊಗರಿಯ ಕಥೆ, ಅದಕ್ಕೆ ಕೊನೆಯೇ ಇಲ್ಲ. ಇಷ್ಟನ್ನೂ ಓದಲು ಪ್ರಧಾನಿಗೆ ಪುರುಸೊತ್ತೆಲ್ಲಿದೆ? ಸಲಹೆಗಾರರು ಒಂದೇ ಪುಟ ಒಯ್ಯುತ್ತಾರೆ. ಸಭೆ ಮುಗಿದು ಮಂತ್ರಿಗಳೆಲ್ಲ ಎದ್ದು ಹೋದ ಮೇಲೆ ಇವರು ನಾಲ್ಕು ನಿಮಿಷ ಹಿಂದೆ ಉಳಿಯುತ್ತಾರೆ. ಆ ನಾಲ್ಕು ನಿಮಿಷಕ್ಕೆ ಒಂದು ಪುಟ ಸಾಕು.”

“ಹದಿನೆಂಟು ಪುಟದಾಗ ನದೀಮ್ ಇದ್ನೇನು?”

“ಇದ್ದ. ಹನ್ನೊಂದನೆಯ ಪುಟ, ಎರಡು ಪ್ಯಾರಾ. ಗಿರಣಿಯ ಪತ್ರ, ಯಂತ್ರದ ರಸೀದಿ, ಎಲ್ಲ ಸರಿಯಾಗಿವೆ, ಇವನು ನಿರ್ದೋಷಿ ಎಂದು ರಾಯಭಾರ ಕಚೇರಿ ಬರೆದಿತ್ತು.”

“ಮತ್ತ ನಿಮ್ಮ ಒಂದು ಪುಟದಾಗ?”

ಸಾಹೇಬರು ಬಾಳೆಹಣ್ಣೊಂದನ್ನು ಕೈಗೆತ್ತಿಕೊಂಡು ಸಿಪ್ಪೆ ಸುಲಿಯತೊಡಗಿದರು. “ಹಿಡಿಸಲಿಲ್ಲ.”

ಅವರು ಹಣ್ಣನ್ನು ಸಣ್ಣ ತುಂಡುಗಳಾಗಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಸದ್ದು ಮಾತ್ರ ಕೇಳಿಸುತ್ತಿತ್ತು. ತೇವದ, ತಾಳ್ಮೆಯ ಸದ್ದು. ವಿದ್ಯಾವತಿ ಗುಪ್ತವಾರ್ತೆಯಲ್ಲಿ ಇದ್ದಾಗ ಮೂರು ದಿನದ ಹೆಣಗಳನ್ನು ನೋಡಿದ್ದಳು. ಆಗಲೂ ಚಹಾ ಕುಡಿದಿದ್ದಳು. ಈಗ ಎದುರಿನ ಕೆನೆ ಕಟ್ಟಿದ ಕಪ್ಪನ್ನು ದೂರ ಸರಿಸಿದಳು.

“ನಮ್ಮವ್ರು ಐದು ಫೂಟ್ ನಾಕು ಇಂಚ್ ಅದಾರ್ರಿ,” ಎಂದಳು ಆಸ್ಫಿಯಾ. ಹುಡುಗರಿಗೆ ಪ್ರಮೇಯ ಹೇಳುವ ಹಾಗೆ, ಧ್ವನಿ ಏರಿಸದೆ. “ದಪ್ಪನೂ ಇಲ್ಲ. ಒಂದು ಸಾಲಿನಾಗ ಹಿಡಿಸ್ತಿದ್ರು.”

“ತಾಯಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ.”

“ಅರ್ಥ ಆಗೋದು ಬ್ಯಾಡ್ರಿ. ಮರುಂಬಾದವ್ರು ನಾಲ್ಕು ಅಂದ್ರು, ನೀವು ಐದು ಅನ್ನಲಿಲ್ಲ. ಯಾಕ?”

“ಅವರಿಗೆ ಒಬ್ಬ ಬೇಹುಗಾರ ಬೇಕಿತ್ತು. ಐವರನ್ನೂ ಬಿಟ್ಟರೆ, ಹಿಡಿದದ್ದೇ ತಪ್ಪು ಎಂದಾಗುತ್ತದೆ; ಅಲ್ಲಿನ ಗೃಹಮಂತ್ರಿಯ ಮುಖ ಉಳಿಯಬೇಕಲ್ಲ? ಒಬ್ಬನನ್ನು ಇಟ್ಟುಕೊಳ್ಳುತ್ತೇವೆ ಎಂದರು. ಐದನೆಯವನಿಗೆ ಜಾಗವಿಲ್ಲ. ಬಂದರು ಮೂವತ್ತು ವರ್ಷಕ್ಕೆ ನಮ್ಮದಾಗುತ್ತದೆ. ದೇಶ ದೊಡ್ಡದು.”

“ಅದನ್ನ ನಿರ್ಧಾರ ಮಾಡಿದವ್ರು ಯಾರು?” ವಿದ್ಯಾವತಿ ಮುಂದೆ ಬಾಗಿದಳು.

“ಪ್ರಧಾನಿಯವರು.”

“ಯಾವ ಕಾಗದ ಓದಿ?”

“ಸಲಹೆಗಾರರು ಇಟ್ಟ ಕಾಗದ.”

“ಸಲಹೆಗಾರರಿಗೆ ಕಾಗದ ಕೊಟ್ಟವ್ರು?”

“ನಾನು. ಆದರೆ ಬರೆದವರು ನಿರ್ಧಾರ ಮಾಡುವುದಿಲ್ಲಮ್ಮಾ. ಸಲಹೆಗಾರರೂ ಮಾಡುವುದಿಲ್ಲ. ಕಡತ ತೆಗೆದು ನೋಡಿ, ನನ್ನ ಸಹಿ ಎಲ್ಲಿಯೂ ಇಲ್ಲ.”

“ಹೌದ್ರಿ,” ಎಂದ ದೌಲಪ್ಪ. “ಕೈಗೆ ಔಷಧದ ನೀರು ಸುಮ್ಮ ಹಚ್ಚಂಗಿಲ್ಲ ನೀವು.”

ಮೊದಲ ಬಾರಿಗೆ ಸಾಹೇಬರ ದವಡೆ ಅರ್ಧಕ್ಕೆ ನಿಂತಿತು. ಒಂದೇ ಗಳಿಗೆ.

ವಿದ್ಯಾವತಿ ಗಡಿಯಾರ ನೋಡಿಕೊಂಡಳು. ಎರಡು ಗಂಟೆ ಹತ್ತು ನಿಮಿಷ. “ಇನ್ನೂ ಮೂರು ತಾಸು ಅದ. ಫೋನ್ ಮಾಡ್ರಿ. ನದೀಮ್‌ನ ಹೆಸರ ಪಟ್ಟಿಯಾಗ ಹಾಕಸ್ರಿ. ಇಲ್ಲಾಂದ್ರ ಈ ಎರಡೂ ಹಾಳಿ ಸಂಜಿಗೆ ಪೇಪರ್ ಆಫೀಸಿಗೆ ಹೋಗ್ತಾವ. ಬಾಳಿದು ಮೊದಲ ಹಾಕ್ರಿ ಅಂತೀನಿ. ಅದನ್ನ ಓದಿದ ಮ್ಯಾಲೆ ದಿಲ್ಲಿದು ಯಾರಿಗರೆ ತಿಳೀತದ.”

ಸಾಹೇಬರು ಬೆರಳುಗಳನ್ನು ಕರವಸ್ತ್ರದಿಂದ ಒಂದೊಂದಾಗಿ ಒರೆಸಿಕೊಂಡರು. ಎದ್ದು ಒಳಗೆ ಹೋದರು. ದೌಲಪ್ಪ ಬಾಗಿಲ ಕಡೆಗೇ ನೋಡುತ್ತ ಪಿಸುಗುಟ್ಟಿದ. “ಪೊಲೀಸರಿಗೆ ಫೋನ್ ಹಚ್ಚಾಕ ಹೋದ್ರೇನ್ ತಂಗಿ?”

“ಇಲ್ಲ ಕಾಕಾ. ಇಂಥವ್ರು ತಾವಾಗಿ ಏನೂ ಮಾಡಂಗಿಲ್ಲ.”

ಅವಳ ಮಾತು ಸರಿಯಾಗಿತ್ತು. ಸಾಹೇಬರು ಒಂದು ರಟ್ಟಿನ ಕಡತ, ಒಂದು ಪೆನ್ನು ಹಿಡಿದುಕೊಂಡು ಬಂದರು. ಕಡತದಿಂದ ಒಂದು ಹಾಳೆ ತೆಗೆದು, ಮಡಿಕೆ ಬಿಡಿಸಿ, ಆಸ್ಫಿಯಾಳ ಮುಂದೆ ಇಟ್ಟರು. ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲೆ ಅಡ್ಡ ಮಲಗಿಸಿದರು. ಊಟಕ್ಕೆ ಎಲೆ ಹಾಕುವಷ್ಟು ಅಚ್ಚುಕಟ್ಟಾಗಿ.

“ನೋಡಿ ತಾಯಿ. ಇದು ಆ ನಾಲ್ವರ ಪಟ್ಟಿ. ಈಗ ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಪಟ್ಟಿ ಹೀಗೆಯೇ ಹೋಗಲಿ. ಎರಡು, ನೀವು ಇದರಲ್ಲಿ ಒಂದು ಹೆಸರು ಹೊಡೆದು ನಿಮ್ಮವರ ಹೆಸರು ಬರೆಯಿರಿ. ಅವರಿಗೆ ಒಬ್ಬ ಉಳಿದರಾಯಿತು, ಯಾರಾದರೇನು. ಈಗಲೇ ಫೋನ್ ಮಾಡಿ ಬದಲಿಸುತ್ತೇನೆ, ನನ್ನ ಮಾತು ನಡೆಯುತ್ತದೆ. ಮೂರು, ಇವರು ಪತ್ರಿಕೆಗೆ ಹೋಗಲಿ. ಒಪ್ಪಂದ ಮುರಿಯುತ್ತದೆ, ಐವರೂ ಅಲ್ಲಿಯೇ ಕೊಳೆಯುತ್ತಾರೆ. ನಿರ್ಧಾರ ನಿಮ್ಮದು. ನನ್ನದೇನೂ ಇಲ್ಲ.”

ವಿದ್ಯಾವತಿ ಪೆನ್ನನ್ನೇ ನೋಡಿದಳು. ಮತ್ತೆ ನಡುವಿನದು. ಒಂದು ಗೆರೆ ಎಳೆದುಬಿಟ್ಟರೆ ಆಸ್ಫಿಯಾಳ ಕೈಯೂ ಇವರ ಕೈಯಂತೆಯೇ ಆಗುತ್ತದೆ. ಆಮೇಲೆ ಅವಳು ಯಾವ ಪತ್ರಿಕೆಗೆ, ಯಾವ ಕೋರ್ಟಿಗೆ, ಯಾರ ಮನೆ ಬಾಗಿಲಿಗೆ ಹೋಗಿಯಾಳು? ಮನುಷ್ಯನನ್ನು ಬಿಡಿಸುವುದಕ್ಕಲ್ಲ ಈ ಪೆನ್ನು, ಬಾಯಿ ಮುಚ್ಚಿಸುವುದಕ್ಕೆ. ಅದನ್ನು ಇಷ್ಟು ಮೆತ್ತಗೆ, ಇಷ್ಟು ಮರ್ಯಾದೆಯಿಂದ, ಬಾಳೆಯ ನೆರಳಿನಲ್ಲಿ ಕೂತು ಮಾಡುವ ಈ ಮನುಷ್ಯನ ಮುಖಕ್ಕೆ ಚಹಾ ಎರಚಬೇಕೆನಿಸಿತು. ಚಹಾ ಹಾಳಾಗುತ್ತದೆ ಎಂದು ಸುಮ್ಮನಾದಳು.

“ಆಸ್ಫಿಯಾ, ಪೆನ್ ಮುಟ್ಟಬ್ಯಾಡ.”

ಆಸ್ಫಿಯಾ ಪೆನ್ನು ಆಗಲೇ ಎತ್ತಿಕೊಂಡಿದ್ದಳು.

ಐದು ತಿಂಗಳಿನಿಂದ ಫೋನು ದಿಂಬಿನ ಕೆಳಗಿಟ್ಟು ಮಲಗಿದವಳು. ಹುಡುಗರ ಉತ್ತರಪತ್ರಿಕೆ ತಿದ್ದುವ ಹಾಗೆ ಪೆನ್ನು ಹಿಡಿದಿದ್ದಳು. ಅದನ್ನು ನೋಡಿಯೇ ವಿದ್ಯಾವತಿಗೆ ಹೆದರಿಕೆಯಾಯಿತು. ಪೆನ್ನಿನ ಮೊನೆ ಮೊದಲ ಹೆಸರಿನ ಕೆಳಗೆ ಹೋಯಿತು. ರತ್ನಾಗಿರಿಯ ಖಲಾಸಿ, ವಯಸ್ಸು ಇಪ್ಪತ್ನಾಲ್ಕು. ಕೆಳಗಿಳಿಯಿತು. ಕೊಲ್ಲಂನ ಎಂಜಿನಿಯರು, ವಯಸ್ಸು ಐವತ್ತೊಂದು. ಮತ್ತೆ ಕೆಳಗಿಳಿಯಿತು.

ಮೂರನೆಯ ಹೆಸರಿನ ಹತ್ತಿರ ನಿಂತಿತು.

ಸಾಹೇಬರು ಫೋನು ಕೈಗೆತ್ತಿಕೊಂಡರು. “ಹೊಡೆಯಿರಿ ತಾಯಿ. ಯಾರಿಗೂ ಗೊತ್ತಾಗುವುದಿಲ್ಲ.”

“ಇದು ಯಾರ್ರಿ?” ಎಂದಳು ಆಸ್ಫಿಯಾ.

“ಯಾವುದು? ಅದೇ, ಹಡಗಿನ ಅಡುಗೆಯವನು. ನಿಮ್ಮ ಊರಿನವನೇ. ಇಮಾಮುದ್ದೀನ್.”

“ತಾಯಿ ಹೆಸರು ಮಸ್ತಾನಬಿ ಅಂತ ಬರದೀರಿ.”

“ಹೌದು, ಇರಬೇಕು.”

ಆಸ್ಫಿಯಾ ತಲೆ ಎತ್ತಿದಳು. “ಅಕ್ಕಾ, ಇವ ನಮ್ಮ ಓಣಿಯವ. ಹಡಗಿನಾಗ ಜ್ವರ ಬಂದು ತೀರ್ಕೊಂಡ ಅಂತ ನಾಕು ತಿಂಗಳ ಹಿಂದ ಮರುಂಬಾದಿಂದ ಹೆಣದ ಪೆಟ್ಟಿಗಿ ಬಂತು. ತಗಡು ಹೊಡದು ಸೀಲ್ ಮಾಡಿದ್ರು. ಹತ್ತೋ ರೋಗ ಅದ, ತೆಗೀಬ್ಯಾಡ್ರಿ ಅಂತ ಕಾಗದ ಇತ್ತು. ಯಾರೂ ಮುಖ ನೋಡಲಿಲ್ಲ. ಮಸ್ತಾನಬಿ ಖಾಲಾನ್ನ ನಾನ ಹಿಡಕೊಂಡು ಕುಂತಿದ್ದೆ.”

ವಿದ್ಯಾವತಿ ನಿಧಾನವಾಗಿ ಸಾಹೇಬರ ಕಡೆ ತಿರುಗಿದಳು.

“ಸಾಧ್ಯವಿಲ್ಲ,” ಎಂದರು ಸಾಹೇಬರು. ಧ್ವನಿಯ ತುಪ್ಪ ಆರಿಹೋಗಿತ್ತು. “ಕಳೆದ ಸೋಮವಾರ ನಮ್ಮ ಅಧಿಕಾರಿ ಜೈಲಿಗೆ ಹೋಗಿ ಅವನನ್ನು ನೋಡಿದ್ದಾರೆ. ಮಾತಾಡಿಸಿದ್ದಾರೆ. ಬಿಸ್ಕತ್ತು ಕೇಳಿದನಂತೆ. ನಾಲ್ವರೂ ಆರೋಗ್ಯವಾಗಿದ್ದಾರೆ.”

“ನಾಲ್ವರೂ,” ಎಂದಳು ವಿದ್ಯಾವತಿ. “ಐದನೆಯವನ್ನ ಯಾರು ನೋಡ್ಯಾರ?”

ಸಾಹೇಬರು ಕಡತ ತೆರೆದರು. ಒಂದು ಹಾಳೆ ಮಗುಚಿದರು, ಇನ್ನೊಂದು ಮಗುಚಿದರು. ಆ ಹದಿನೆಂಟು ಪುಟಗಳನ್ನು ಅವರು ಮೊದಲ ಬಾರಿಗೆ ಪೂರ್ತಿ ಓದುತ್ತಿದ್ದಾರೆಂಬುದು ಮೂವರಿಗೂ ಕಂಡಿತು. ಬೆರಳು ಒಂದು ಸಾಲಿನ ಮೇಲೆ ನಿಂತು, ಅಲ್ಲಿಂದ ಕದಲಲಿಲ್ಲ.

“ಓದ್ರಿ ಸಾಹೇಬರ. ಜೋರಾಗಿ ಓದ್ರಿ.”

“ಐದನೆಯ ಬಂದಿಯ ಭೇಟಿಗೆ... ನಾಲ್ಕು ತಿಂಗಳಿನಿಂದ ಅನುಮತಿ ಸಿಕ್ಕಿಲ್ಲ.”

ಪೆನ್ನು ಆಸ್ಫಿಯಾಳ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಅವಳು ಯಾರನ್ನೂ ನೋಡದೆ, ತನ್ನಷ್ಟಕ್ಕೆ ತಾನು ಲೆಕ್ಕ ಬಿಡಿಸುವವಳಂತೆ ಕೇಳಿದಳು.

“ಹಂಗಾದ್ರ ನಮ್ಮ ಓಣಿಯವ್ರೆಲ್ಲ ಅವತ್ತು ಮಣ್ಣು ಕೊಟ್ಟದ್ದು ಯಾರಿಗಿ?”